ಮೂರು ಮನೆಯ ಬ್ಲೆಡ್ಸೋ

ಅಮೆರಿಕದ ಈರಿ ಊರಿನ ಅಗ್ನಿಶಾಮಕದವರು ಸಭೆ ಸೇರುವ ಹಾಲಿನಲ್ಲಿ ತಿಂಗಳ ಮೊದಲ ಭಾನುವಾರ, ಆಟಗಾರರ ಚಿತ್ರವಿರುವ ಹಳೆಯ ಬೇಸ್‌ಬಾಲ್ ಕಾರ್ಡುಗಳ ಸಂತೆ ಕೂಡುತ್ತದೆ. ಓಪಲ್ ಡ್ರೆಸ್ಲರ್ ಆ ಸಂತೆಯನ್ನು ತಪ್ಪಿಸಿದ್ದೇ ಅಪರೂಪ. ಮಂಡಿಯ ಆಪರೇಷನ್ ಆದ ತಿಂಗಳು ಕೂಡ ಊರುಗೋಲು ಹಿಡಿದು ಬಂದು, ಒಂದೊಂದು ಟೇಬಲ್ಲಿನ ಮುಂದೆಯೂ ನಿಂತು ನೋಡಿಯೇ ಹೋಗಿದ್ದಳು. ಜೀವಮಾನವಿಡೀ ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು ಅವಳು. ಹಿಂದಿನ ಸೀಟಿನ ಗಲಾಟೆಯನ್ನು ಕನ್ನಡಿಯಲ್ಲಿ ನೋಡಿಯೇ ಅಡಗಿಸಿದವಳು. ಅವಳ ಮುಂದೆ ಯಾವ ವ್ಯಾಪಾರಿಯೂ ಸುಮ್ಮನೆ ಬಾಯಿಗೆ ಬಂದ ಬೆಲೆ ಹೇಳುತ್ತಿರಲಿಲ್ಲ.

ಹಾಲಿಗೆ ಬರುವವರಲ್ಲಿ ಅರ್ಧ ಜನ, ತಾವು ಚಿಕ್ಕವರಿದ್ದಾಗ ಅಮ್ಮ ಕಾರ್ಡುಗಳನ್ನೆಲ್ಲ ಕಸಕ್ಕೆ ಎಸೆದ ಕಥೆ ಹೇಳಿ ನಿಟ್ಟುಸಿರು ಬಿಡುತ್ತಿದ್ದರು. ಓಪಲ್‌ಗೆ ಆ ನೆಪವೂ ಇರಲಿಲ್ಲ. ಅಣ್ಣನ ಕಾರ್ಡುಗಳನ್ನೆಲ್ಲ ಸೈಕಲ್ಲಿನ ಚಕ್ರದ ಕಡ್ಡಿಗಳಿಗೆ ಸಿಗಿಸಿ, ಪಟಪಟ ಸದ್ದು ಮಾಡುತ್ತಾ ಬೀದಿ ಸುತ್ತಿ ಚಿಂದಿ ಮಾಡಿದವಳು ಅವಳೇ. ಅಣ್ಣ ತೀರಿಕೊಂಡ ಮೇಲೆ, ಅವನು ಜೋಡಿಸಿದ್ದ ಐವತ್ನಾಲ್ಕನೆಯ ಇಸವಿಯ ಸರಣಿಯನ್ನು ಮತ್ತೆ ಕೂಡಿಸಬೇಕು ಎಂದು ಹಟ ಹಿಡಿದಳು. ಬಬಲ್‌ಗಮ್ ಪೊಟ್ಟಣದ ಜೊತೆ ಪುಕ್ಕಟೆ ಸಿಗುತ್ತಿದ್ದ ಕಾರ್ಡುಗಳು ಅವು. ಒಂದೊಂದಾಗಿ, ವರ್ಷಗಟ್ಟಲೆ ಹುಡುಕಿ, ಕೊನೆಗೆ ಆಲ್ಬಮ್ಮಿನಲ್ಲಿ ಒಂದೇ ಒಂದು ಜೇಬು ಖಾಲಿ ಉಳಿದಿತ್ತು. ಹಾಯ್ಟ್ ಬ್ಲೆಡ್ಸೋ ಎಂಬ ದಾಂಡಿಗನ ಮೊದಲ ವರ್ಷದ ಕಾರ್ಡು. ನೀಲಿ ಹಿನ್ನೆಲೆ, ಹೆಗಲ ಮೇಲೆ ದಾಂಡು, ಈಗಷ್ಟೇ ಗಡ್ಡ ಬೋಳಿಸಿಕೊಂಡವನ ಮುಖ.

ಅದನ್ನು ಒಮ್ಮೆ ನೂರೈವತ್ತು ಡಾಲರಿಗೆ ಕೊಳ್ಳುವ ಅವಕಾಶ ಅವಳಿಗೆ ಸಿಕ್ಕಿತ್ತು. ತುಟ್ಟಿಯಾಯಿತು ಎನ್ನಿಸಿ, ಅದೇ ದುಡ್ಡಿಗೆ ಕಾರಿಗೆ ಚಳಿಗಾಲದ ಟೈರು ಹಾಕಿಸಿದಳು. ಟೈರು ಸವೆದು ಹೋಯಿತು, ಕಾರೂ ಗುಜರಿಗೆ ಹೋಯಿತು, ಬ್ಲೆಡ್ಸೋ ಮಾತ್ರ ಏರುತ್ತಲೇ ಹೋದ. ಆಮೇಲೆ ರೋಗದ ವರ್ಷ ಬಂತು. ಜನ ಮನೆಯಲ್ಲಿ ಕೂತು ಬೇಜಾರಾಗಿ ಅಟ್ಟದ ಮೇಲಿನ ಡಬ್ಬಗಳನ್ನು ಕೆಳಗಿಳಿಸಿದರು. ಕಾರ್ಡಿಗೂ ಷೇರಿಗೂ ವ್ಯತ್ಯಾಸ ತಿಳಿಯದವರೆಲ್ಲ ಕಾರ್ಡಿಗೆ ದುಡ್ಡು ಹಾಕತೊಡಗಿದರು. ಮುಚ್ಚಿದ್ದ ಹಾಲಿನ ಬಾಗಿಲು ಮತ್ತೆ ತೆರೆದಾಗ ಸಂತೆಯ ಚಹರೆಯೇ ಬದಲಾಗಿತ್ತು. ಕಾರ್ಡುಗಳೆಲ್ಲ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗೆ ಕೂತಿದ್ದವು, ಮೇಲೆ ಕಾರ್ಡು ಎಷ್ಟು ಚೆನ್ನಾಗಿ ಉಳಿದಿದೆ ಎಂದು ಹತ್ತಕ್ಕೆ ಇಷ್ಟು ಅಂಕ. ಕೊಳ್ಳುವವರು ಕಾರ್ಡು ನೋಡುವ ಮೊದಲು ಫೋನು ನೋಡುತ್ತಿದ್ದರು.

ಓಪಲ್‌ಳ ಜೊತೆಗೆ ಇದನ್ನೆಲ್ಲ ನೋಡಿ ಗೊಣಗಲು ಇಬ್ಬರು ಗೆಳೆಯರಿದ್ದರು. ಒಬ್ಬ ಲ್ಯಾಂಬರ್ಟ್ ಝೀಲಿನ್ಸ್ಕಿ. ನಗರಸಭೆಯ ಹಿಮ ಸರಿಸುವ ಲಾರಿಯ ಚಾಲಕ, ಮಾತು ಕಮ್ಮಿ, ಮೊಂಡುತನ ಜಾಸ್ತಿ. ಇನ್ನೊಬ್ಬ ರುಫೀನೋ ಬತಿಸ್ತಾ. ಪಾರೇಡ್ ಬೀದಿಯಲ್ಲಿ ಮಾಂಸದಂಗಡಿ ಇಟ್ಟವನು, ಎಲ್ಲರ ಬಾಯಲ್ಲೂ ಫೀನೋ. ಮೂವರೂ ಅದೇ ಸರಣಿಯ ಹಿಂದೆ ಬಿದ್ದವರು, ಮೂವರ ಆಲ್ಬಮ್ಮಿನಲ್ಲೂ ಅದೇ ಜೇಬು ಖಾಲಿ. ಮೊದಲು ಯಾರಿಗೆ ಸಿಗುತ್ತದೋ ಎಂಬ ಸಣ್ಣ ಪೈಪೋಟಿ ಅವರಲ್ಲಿತ್ತು. ಬೆಲೆ ಸಾವಿರದ ಹತ್ತಿರ ಹೋದ ಮೇಲೆ ಆ ಪೈಪೋಟಿಯೂ ತಣ್ಣಗಾಗಿ, ಮೂವರೂ ಕಾಫಿ ಕುಡಿಯುತ್ತಾ ಕೂರುವುದಷ್ಟೇ ಉಳಿಯಿತು.

ಹೀಗಿರುವಾಗ ಒಂದು ಶನಿವಾರ ವಾಟರ್‌ಫರ್ಡ್‌ನಲ್ಲಿ ಒಂದು ಮನೆಯ ಸಾಮಾನನ್ನೆಲ್ಲ ಮಾರುತ್ತಾರೆಂದು ಕೇಳಿ ಓಪಲ್ ಹೋದಳು. ಕುರ್ಚಿ, ದೀಪ, ಹೂಜಿಗಳ ನಡುವೆ ಒಂದು ಮೇಜಿನ ಮೇಲೆ ಪಾರದರ್ಶಕ ಚೀಲದೊಳಗೆ ಬ್ಲೆಡ್ಸೋ ಮಲಗಿದ್ದ. ಮೂಲೆಗಳು ಚೂಪಾಗಿದ್ದವು, ಬಣ್ಣ ಮಾಸಿರಲಿಲ್ಲ. ಮನೆಯ ಮಗಳು ಆಗಲೇ ಫೋನಿನಲ್ಲಿ ಬೆಲೆ ನೋಡಿಟ್ಟಿದ್ದಳು. ಒಂಬೈನೂರು, ಒಂದು ಡಾಲರೂ ಕಮ್ಮಿ ಇಲ್ಲ ಎಂದಳು. ಆ ಬೆಲೆ ಮೋಸದ್ದಲ್ಲ ಎಂದು ಓಪಲ್‌ಗೂ ಗೊತ್ತಿತ್ತು. ಆದರೆ ಅವಳ ಚೀಲದಲ್ಲಿದ್ದದ್ದು ಮುನ್ನೂರು. ಮೂರು ಗಂಟೆಯವರೆಗೆ ತೆಗೆದಿಡಿ ಎಂದು ಕೇಳಿಕೊಂಡು ಅಂಗಳಕ್ಕೆ ಬಂದು ಮೊದಲು ಫೀನೋಗೆ, ಆಮೇಲೆ ಲ್ಯಾಂಬರ್ಟ್‌ಗೆ ಫೋನು ಮಾಡಿದಳು. ಇಬ್ಬರಿಗೂ ಹೇಳಿದ್ದು ಒಂದೇ ಮಾತು: ಮುನ್ನೂರು ತಗೊಂಡು ಬಾ, ಯಾಕೆ ಅಂತ ಕೇಳಬೇಡ.

ಫೀನೋ ಏಪ್ರನ್ ಬಿಚ್ಚದೆಯೇ ಬಂದ. ಲ್ಯಾಂಬರ್ಟ್ ಯಾಕೆ ಎಂದು ಕೇಳುತ್ತಲೇ ಬಂದ. ಮೂವರೂ ಸೇರಿ ದುಡ್ಡು ಕೊಟ್ಟು ಹೊರಗೆ ಬಂದು ಅಂಗಳದಲ್ಲಿ ನಿಂತಾಗಲೇ ಅವರಿಗೆ ಹೊಳೆದದ್ದು, ಕಾರ್ಡು ಒಂದು, ಆಲ್ಬಮ್ಮು ಮೂರು.

"ಕತ್ತರಿಸಿ ಹಂಚೋಣ. ನನಗೆ ತೊಡೆ ಭಾಗ ಇರಲಿ," ಎಂದ ಫೀನೋ.

ಕೊನೆಗೆ ಓಪಲ್ ತೀರ್ಮಾನ ಮಾಡಿದಳು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ತಿಂಗಳು. ತಿಂಗಳು ಮುಗಿದಾಗ, ಇಟ್ಟುಕೊಂಡಿದ್ದವರು ಉಳಿದಿಬ್ಬರನ್ನು ಮನೆಗೆ ಕರೆದು ಊಟ ಹಾಕಿ ಕಾರ್ಡು ಒಪ್ಪಿಸಬೇಕು. ಊಟದ ಮಾತು ಅವಳ ಬಾಯಿಂದ ಯಾಕೆ ಬಂತೋ ಅವಳಿಗೇ ಗೊತ್ತಿರಲಿಲ್ಲ. ಬಹುಶಃ ಆಗ ಹಸಿವಾಗಿತ್ತು.

ಹಾಗೆ ಬ್ಲೆಡ್ಸೋನ ತಿರುಗಾಟ ಶುರುವಾಯಿತು. ಫೀನೋನ ಮನೆಯಲ್ಲಿ ಅವನ ಹೆಂಡತಿ ಮಿಲಾಗ್ರೋಸ್ ಹಂದಿಮಾಂಸ ಹುರಿದು, ತೊಗರಿಕಾಳಿನ ಅನ್ನ ಮಾಡಿದರೆ, ಬೆಳ್ಳುಳ್ಳಿಯ ಘಮ ಬೀದಿಯ ಕೊನೆಯವರೆಗೂ ಹೋಗುತ್ತಿತ್ತು. ಲ್ಯಾಂಬರ್ಟ್‌ನ ಹೆಂಡತಿ ಜೆನವೀವ್ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬುಗಳನ್ನು ಬೆಣ್ಣೆಯಲ್ಲಿ ಮುಳುಗಿಸಿ ಬಡಿಸುತ್ತಿದ್ದಳು. ಓಪಲ್‌ಗೆ ಅಡುಗೆ ಬಾರದು. ಬೇಕರಿಯಿಂದ, ಖಾರದ ಮಾಂಸ ತುಂಬಿದ ಬ್ರೆಡ್ಡಿನ ಪೆಪೆರೋನಿ ಉಂಡೆ ತಂದು ಬಿಸಿ ಮಾಡಿ ಇಡುತ್ತಿದ್ದಳು. ಅವಳ ತಿಂಗಳು ಬಂದಾಗ ಫೀನೋ ಮನೆಯಲ್ಲೇ ಅರ್ಧ ಹೊಟ್ಟೆ ಊಟ ಮುಗಿಸಿ ಬರುತ್ತಾನೆಂಬ ಗುಮಾನಿ ಅವಳಿಗಿತ್ತು, ಒಮ್ಮೆ ಮಿಲಾಗ್ರೋಸಳೇ ಅದನ್ನು ಖಚಿತ ಮಾಡಿದಳು.

ಕಾರ್ಡು ಕಾಯುವ ರೀತಿಯೂ ಒಬ್ಬೊಬ್ಬರದು ಒಂದೊಂದು. ಫೀನೋ ಬಂದವರಿಗೆಲ್ಲ ತೋರಿಸುತ್ತಿದ್ದ. ಮಾಂಸ ಕೊಳ್ಳಲು ಬಂದವರು ಕೈ ಒರೆಸಿಕೊಂಡು ದರ್ಶನ ಮಾಡಿ ಹೋಗುತ್ತಿದ್ದರು. ಲ್ಯಾಂಬರ್ಟ್‌ಗೆ ಬೆಂಕಿಯ ಭಯ. ಮನೆಗೆ ಬೆಂಕಿ ಬಿದ್ದರೆ ಫ್ರಿಜ್ಜು ಮಾತ್ರ ಉಳಿಯುತ್ತದೆಂದು ಎಲ್ಲೋ ಕೇಳಿ, ಬೆಣ್ಣೆ ಇಡುವ ಖಾನೆಯನ್ನು ಖಾಲಿ ಮಾಡಿಸಿ ಅದರಲ್ಲಿ ಇಟ್ಟಿದ್ದ. ಓಪಲ್ ಮಾತ್ರ ಆಲ್ಬಮ್ಮಿನ ಜೇಬಿನಲ್ಲೇ ಇಡುತ್ತಿದ್ದಳು. ಬೆಳಿಗ್ಗೆ ಕಾಫಿ ಹಿಡಿದು ಪುಟ ತಿರುಗಿಸಿ ನೋಡಿದರೆ, ಒಂದೂ ಜೇಬು ಖಾಲಿ ಇಲ್ಲ. ಅಣ್ಣನಿಗೆ ತೋರಿಸಬೇಕಿತ್ತು ಎನ್ನಿಸುತ್ತಿತ್ತು.

ಎರಡು ವರ್ಷ ಹೀಗೆ ನಡೆಯಿತು. ಮೂರನೆಯ ಚಳಿಗಾಲದಲ್ಲಿ ಫೀನೋನ ಅಂಗಡಿಯ ಶೀತಲ ಕೋಣೆ ಕೆಟ್ಟು ನಿಂತಿತು. ರಿಪೇರಿಯವನು ನೋಡಿ, ಇದಕ್ಕೆ ಜೀವ ಇಲ್ಲ, ಹೊಸದೇ ಆಗಬೇಕು ಎಂದ. ಫೀನೋ ಒಂದು ವಾರ ಮಂಜುಗಡ್ಡೆ ಹೊತ್ತು ವ್ಯಾಪಾರ ಮಾಡಿದ. ಆಮೇಲೆ ಒಂದು ಮಧ್ಯಾಹ್ನ ಓಪಲ್‌ಳ ಮನೆಗೆ ಬಂದು, ಕೂತ ಕಡೆಯೇ ಟೋಪಿ ತಿರುಗಿಸುತ್ತಾ, ಬ್ಲೆಡ್ಸೋನ ಬೆಲೆ ಈಗ ಎಷ್ಟಾಗಿದೆ ಗೊತ್ತಾ ಎಂದು ಕೇಳಿದ. ಅವಳಿಗೆ ಗೊತ್ತಿತ್ತು. ಆರು ಸಾವಿರ. ಪಿಟ್ಸ್‌ಬರ್ಗ್‌ನ ಒಬ್ಬ ಹಲ್ಲಿನ ಡಾಕ್ಟರು ಆ ಕಾರ್ಡಿಗಾಗಿ ಹಾಲಿನಲ್ಲಿ ಎಲ್ಲರನ್ನೂ ವಿಚಾರಿಸುತ್ತಾ ತಿರುಗಿದ್ದ.

"ಕೇಳೋಕೆ ನಾಚಿಕೆ ಆಗುತ್ತೆ ಕಣೆ. ಆದ್ರೆ ಅದರಲ್ಲಿ ನಂದೂ ಒಂದು ಪಾಲಿದೆಯಲ್ಲ," ಎಂದ ಫೀನೋ.

ನಾಚಿಕೆ ಪಡುವಂಥದ್ದೇನಿದೆ, ಮಾರೋಣ ಎಂದಳು ಓಪಲ್. ಆದರೆ ಆ ತಿಂಗಳು ಕಾರ್ಡು ಇದ್ದದ್ದು ಲ್ಯಾಂಬರ್ಟ್‌ನ ಮನೆಯಲ್ಲಿ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಲ್ಯಾಂಬರ್ಟ್ ಫೋನು ಎತ್ತುವುದನ್ನೇ ಬಿಟ್ಟ. ಒಪ್ಪಿಸುವ ದಿನ ಬಂದು ಹೋಯಿತು. ಊಟವೂ ಇಲ್ಲ, ಕಾರ್ಡೂ ಇಲ್ಲ.

ಓಪಲ್ ಸೀದಾ ಅವನ ಮನೆಗೆ ಹೋದಳು. ಸರೋವರದ ಕಡೆಯಿಂದ ಹಿಮ ಬೀಳುತ್ತಿತ್ತು. ಲ್ಯಾಂಬರ್ಟ್ ತನ್ನ ಮನೆಯ ಮುಂದಿನ ಹಿಮವನ್ನೇ ಸಲಿಕೆಯಿಂದ ಸರಿಸುತ್ತಿದ್ದ. ಅವಳನ್ನು ನೋಡಿಯೂ ನೋಡದವನಂತೆ ಇನ್ನೆರಡು ಸಲಿಕೆ ಎತ್ತಿ ಹಾಕಿದ.

"ನನ್ನ ತಿಂಗಳು ಇನ್ನೂ ಮುಗಿದಿಲ್ಲ," ಎಂದ.

"ಮುಗಿದು ವಾರದ ಮೇಲಾಯ್ತು ಕಣೋ."

"ಫೆಬ್ರವರಿ ಮೋಸದ ತಿಂಗಳು. ಎರಡು ಮೂರು ದಿನ ನನಗೇ ಬಾಕಿ ಬರಬೇಕು."

ಓಪಲ್ ಬೂಟಿನ ಹಿಮ ಕೊಡವಿ ಅಡುಗೆಮನೆಗೆ ನಡೆದಳು. ಅವನೂ ಸಲಿಕೆ ಒರಗಿಸಿ ಹಿಂದೆಯೇ ಬಂದ. ಜೆನವೀವ್ ಕಾಫಿ ಬಗ್ಗಿಸಿ ಕೊಟ್ಟು, ಇಬ್ಬರ ನಡುವೆ ಕೂರದೆ ಒಲೆಯ ಕಡೆ ತಿರುಗಿ ನಿಂತಳು. ಲ್ಯಾಂಬರ್ಟ್ ಒಂದು ಉಪಾಯ ಮಾಡಿಟ್ಟಿದ್ದ. ಫೀನೋನ ಪಾಲನ್ನು ತಾನೇ ಕೊಂಡುಬಿಡುತ್ತೇನೆ, ಅವನು ಮುನ್ನೂರು ಹಾಕಿದ್ದ, ತಾನು ನಾನೂರು ಕೊಡುತ್ತೇನೆ ಎಂದ.

"ಅವನ ಪಾಲು ಈಗ ಎರಡು ಸಾವಿರ ಆಗುತ್ತೆ," ಎಂದಳು ಓಪಲ್.

"ಒಂದು ಕಾರ್ಡಿನ ಮೂರನೇ ಒಂದು ಪಾಲಿಗೆ ಎರಡು ಸಾವಿರನಾ? ಯಾವ ಹುಚ್ಚ ಕೊಡ್ತಾನೆ?"

"ಆ ಹುಚ್ಚ ಪಿಟ್ಸ್‌ಬರ್ಗ್‌ನಲ್ಲಿದಾನೆ. ಮೂರು ಪಾಲಿಗೂ ಕೊಡ್ತಾನೆ."

ಲ್ಯಾಂಬರ್ಟ್ ಬಟ್ಟಲನ್ನು ಸುತ್ತಿಸುತ್ತಾ ಕೂತ. ತಮ್ಮದೇ ಕಾರ್ಡು ತಮಗೇ ಕೈಗೆಟುಕದಷ್ಟು ತುಟ್ಟಿಯಾಗಿದೆ ಎಂಬುದು ಅವನಿಗೆ ಆಗ ಅರಿವಿಗೆ ಬಂದಂತಿತ್ತು. ಬಟ್ಟಲಿಗೇ ಹೇಳುವಂತೆ ಹೇಳಿದ:

"ಆ ಜೇಬು ತುಂಬಿರೋದನ್ನ ನೋಡಿಬಿಟ್ಟಿದೀನಿ ಓಪಲ್. ಇನ್ನು ಖಾಲಿ ನೋಡೋಕಾಗಲ್ಲ."

ಅವಳಿಗೂ ಅದೇ ಆಗಿತ್ತು. ಹಾಗೆಂದು ಹೇಳಿದಳು. ಆಮೇಲೆ ಒಂದು ವಾರದಿಂದ ತಲೆಯಲ್ಲಿ ಇಟ್ಟುಕೊಂಡಿದ್ದ ವಿಷಯ ತೆಗೆದಳು. ಹಾಲಿನಲ್ಲಿ ಟೇಬಲ್ಲುಗಳ ಮೇಲೆ ಪ್ಲಾಸ್ಟಿಕ್ ಪೆಟ್ಟಿಗೆಗಳಿದ್ದರೆ, ಟೇಬಲ್ಲುಗಳ ಕೆಳಗೆ ರಟ್ಟಿನ ಡಬ್ಬಗಳಿರುತ್ತವೆ. ಹರಿದದ್ದು, ಮಡಿಸಿದ್ದು, ನೀರು ಬಿದ್ದದ್ದು, ಗೀಚಿದ್ದು ಎಲ್ಲ ಅದರೊಳಗೆ. ಅಂಕದ ಹಿಂದೆ ಬಿದ್ದವರು ಅತ್ತ ಬಗ್ಗಿಯೂ ನೋಡುವುದಿಲ್ಲ. ಒಳ್ಳೆಯ ಬ್ಲೆಡ್ಸೋನನ್ನು ಮಾರಿದ ದುಡ್ಡಿನಲ್ಲಿ ಮೂವರೂ ಒಂದೊಂದು ಕೆಟ್ಟ ಬ್ಲೆಡ್ಸೋನನ್ನು ಕೊಂಡು, ಫೀನೋಗೆ ಕೋಣೆ ಹಾಕಿಸಿ, ಇನ್ನೂ ಮಿಗಿಸಬಹುದು.

"ಹರಕು ಕಾರ್ಡು ಇಟ್ಕೋಬೇಕಾ ನಾನು?"

"ನನ್ನ ಮಂಡಿ ನೋಡು, ನಿನ್ನ ಹಲ್ಲು ನೋಡು. ಈ ಮನೇಲಿ ಹೊಸದಾಗಿ ಉಳಿದಿರೋದು ಏನಿದೆ ಹೇಳು."

ಅಷ್ಟರಲ್ಲಿ ಜೆನವೀವ್ ಹೋಗಿ ಫ್ರಿಜ್ಜಿನ ಬಾಗಿಲು ತೆರೆದಳು. ಖಾನೆಯಿಂದ ಕಾರ್ಡು ತೆಗೆದು ತಂದು ಓಪಲ್‌ಳ ಮುಂದೆ ಇಟ್ಟಳು. ಎರಡು ವರ್ಷದಿಂದ ಮೂರು ತಿಂಗಳಿಗೊಮ್ಮೆ ಬೆಣ್ಣೆಯನ್ನು ಹೊರಗಿಟ್ಟು ಕರಗಿಸಿ ಸಾಕಾಗಿದೆ, ನನಗೆ ನನ್ನ ಜಾಗ ಬೇಕು ಎಂದಳು. ಲ್ಯಾಂಬರ್ಟ್ ಗಂಟಲೊಳಗೇ ನಕ್ಕ. ಕಾರ್ಡನ್ನು ಒಮ್ಮೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ಇಟ್ಟ.

ಹಲ್ಲಿನ ಡಾಕ್ಟರನ ಹೆಸರು ಥೇಯರ್. ಒಳ್ಳೆಯ ಮನುಷ್ಯ. ಫೀನೋನ ಅಂಗಡಿಗೇ ಬಂದು, ಕೈಗೆ ಬಿಳಿ ಗವಸು ಹಾಕಿ, ಭೂತಗನ್ನಡಿ ಹಿಡಿದು ನಾಲ್ಕೂ ಮೂಲೆ ನೋಡಿದ. ನೋಡಿ ನೋಡಿ ಕೊನೆಗೆ ಮೂಗಿನ ಹತ್ತಿರ ತಂದ.

"ಇದ್ರಿಂದ ಬೆಣ್ಣೆ, ಬೆಳ್ಳುಳ್ಳಿ ವಾಸನೆ ಬರ್ತಿದೆಯಲ್ಲ?"

"ಆ ಕಾಲದ ಬಬಲ್‌ಗಮ್ ಹಾಗೇ ಇರ್ತಿತ್ತು ಸರ್," ಎಂದ ಫೀನೋ. ಓಪಲ್ ಅವನ ಕಾಲು ತುಳಿದಳು.

ಡಾಕ್ಟರು ನಕ್ಕುಬಿಟ್ಟ. ಅಲ್ಲಿಯೇ ದುಡ್ಡು ಕೊಟ್ಟ. ಕಾರ್ಡನ್ನು ಅಂಕ ಹಾಕಿಸಲು ಕಳಿಸುತ್ತೇನೆ, ಆಮೇಲೆ ಬ್ಯಾಂಕಿನ ಲಾಕರಿನಲ್ಲಿ ಇಡುತ್ತೇನೆ ಎಂದ. ಅವನು ಹೋದ ಮೇಲೆ ಮೂವರೂ ಅಂಗಡಿಯ ಬಾಗಿಲಲ್ಲಿ ನಿಂತು ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು. ಪಾಪ, ಅವನು ಯಾರಿಗೆ ಊಟ ಹಾಕ್ತಾನೆ ಎಂದು ಓಪಲ್ ಹೇಳಿದಳು.

ಕೆಟ್ಟ ಬ್ಲೆಡ್ಸೋಗಳನ್ನು ಹುಡುಕುವುದು ಅಂದುಕೊಂಡದ್ದಕ್ಕಿಂತ ಮೋಜಾಗಿತ್ತು. ಲ್ಯಾಂಬರ್ಟ್‌ಗೆ ಸಿಕ್ಕಿದ್ದರ ಹಣೆಯ ನಡುವೆ ಮೊಳೆ ಹೊಡೆದ ತೂತು. ಯಾರೋ ಗೋಡೆಗೆ ಬಡಿದಿದ್ದರು. ಫೀನೋನದಕ್ಕೆ ನೀಲಿ ಶಾಯಿಯಲ್ಲಿ ಮೀಸೆ ಬರೆದಿತ್ತು. ಮೀಸೆಯಿಂದ ಮುಖಕ್ಕೆ ಕಳೆ ಬಂದಿದೆ ಎಂದು ಅವನ ವಾದ. ಓಪಲ್‌ಳ ಕಾರ್ಡಿನ ಒಂದು ಮೂಲೆಯನ್ನು ನಾಯಿ ಕಚ್ಚಿತ್ತು, ಹಲ್ಲಿನ ಗುರುತು ಹಿಂದೆಯೂ ಮುಂದೆಯೂ ಸ್ಪಷ್ಟ. ಎಲ್ಲವೂ ಕೆಲವು ನೂರು ಡಾಲರಿನೊಳಗೆ ಬಂದವು. ಫೀನೋನ ಅಂಗಡಿಯಲ್ಲಿ ಹೊಸ ಶೀತಲ ಕೋಣೆ ಗುಂಯ್ ಎನ್ನತೊಡಗಿತು. ಮೂರು ಆಲ್ಬಮ್ಮುಗಳೂ ತುಂಬಿದವು.

ಎಲ್ಲರಿಗೂ ಬೇಕಾದದ್ದು ಸಿಕ್ಕಿತ್ತು. ಮೊದಲ ತಿಂಗಳು ಅದೇ ಖುಷಿಯಲ್ಲಿ ಕಳೆಯಿತು. ಎರಡನೆಯ ತಿಂಗಳು ಓಪಲ್ ಹಾಲಿಗೆ ಹೋದಳು. ಟೇಬಲ್ಲುಗಳ ಮುಂದೆ ನಡೆಯುವಾಗ ಏನು ಹುಡುಕಬೇಕೆಂದೇ ತಿಳಿಯಲಿಲ್ಲ. ಫೀನೋ ಅಂಗಡಿಯ ಗಡಿಬಿಡಿಯಲ್ಲಿ ಬಂದಿರಲಿಲ್ಲ. ಲ್ಯಾಂಬರ್ಟ್ ಬರಲು ಕಾರಣವೇ ಇರಲಿಲ್ಲ. ಒಬ್ಬಳೇ ಕಾಫಿ ಕುಡಿದು ಮನೆಗೆ ಬಂದಳು. ಆ ಸಂಜೆ ಡಬ್ಬಿಯ ಸೂಪು ಬಿಸಿ ಮಾಡುವಾಗ, ತನಗೆ ತೊಗರಿಕಾಳಿನ ಅನ್ನ ತಿನ್ನಬೇಕೆನಿಸಿದೆ ಎಂದು ಅರಿವಾಯಿತು. ಅದಕ್ಕಾಗಿ ಫೀನೋನ ಮನೆಗೆ ತಾನಾಗಿ ಹೋಗಿ ಕೂರುವುದು ಹೇಗೆ? ಸುಮ್ಮನೆ ಊಟಕ್ಕೆ ಕರೆಯುವ, ಸುಮ್ಮನೆ ಊಟಕ್ಕೆ ಹೋಗುವ ಅಭ್ಯಾಸ ಆ ಮೂವರಲ್ಲಿ ಯಾರಿಗೂ ಇರಲಿಲ್ಲ. ಏನಾದರೂ ಕೆಲಸವಿದ್ದರೆ ಸೇರುವವರು ಅವರು.

ಜೂನಿನಲ್ಲಿ ಒಂದು ದಿನ ಲ್ಯಾಂಬರ್ಟ್‌ನ ಫೋನು ಬಂತು. ಅವನು ತಾನಾಗಿ ಫೋನು ಮಾಡಿದ್ದೆಂದರೆ ಯಾರಿಗೋ ಏನೋ ಆಗಿದೆ ಎಂದು ಓಪಲ್ ಹೆದರಿದಳು. ಅವನು ಹವಾಮಾನದ ಮಾತಾಡಿದ, ಅವಳ ಮಂಡಿ ಹೇಗಿದೆ ಎಂದು ಕೇಳಿದ. ಅವಳಿಗೆ ಇನ್ನೂ ಹೆದರಿಕೆಯಾಯಿತು.

"ನಿನ್ನ ನಾಯಿ ಕಚ್ಚಿದ ಬ್ಲೆಡ್ಸೋನ ಒಂದು ತಿಂಗಳು ಕೊಡ್ತೀಯಾ?" ಎಂದ ಕೊನೆಗೆ.

"ನಿಂದು ನಿನ್ನ ಹತ್ರಾನೇ ಇದೆಯಲ್ಲ?"

"ಇದೆ. ಆದ್ರೂ ನಿಂದು ಹೇಗಿರುತ್ತೆ ಅಂತ ಇಟ್ಕೊಂಡು ನೋಡೋಣ ಅಂತ. ಫೀನೋದು ನಿನಗೆ. ನಂದು ಫೀನೋಗೆ. ಅವನಿಗೆ ಹೇಳಿದೀನಿ, ಒಪ್ಕೊಂಡಿದಾನೆ."

ಮೂರು ಹರಕು ಕಾರ್ಡು, ಮೂರೂ ಒಂದೇ ಕಾರ್ಡು, ಅವನ್ನು ಅದಲುಬದಲು ಮಾಡಿಕೊಳ್ಳುವುದಕ್ಕೆ ಯಾವ ಅರ್ಥವೂ ಇರಲಿಲ್ಲ. ಲೋಕದಲ್ಲಿ ಯಾರೂ ಅಂಥ ವ್ಯವಹಾರ ಮಾಡಿರಲಾರರು.

"ಬದಲಾಯಿಸಿಕೊಳ್ಳೋದು ಎಲ್ಲಿ?" ಎಂದು ಕೇಳಿದಳು.

"ಫೀನೋ ಮನೇಲಿ. ಮಿಲಾಗ್ರೋಸ್ ಆಗಲೇ ಮಾಂಸ ನೆನೆಸಿಟ್ಟಿದಾಳೆ."

ಯೋಚನೆ ಮಾಡಿ ಹೇಳುತ್ತೇನೆ ಎಂದಳು ಓಪಲ್. ಫೋನನ್ನು ಹೆಗಲಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಆಗಲೇ ಆಲ್ಬಮ್ಮಿನಿಂದ ಕಾರ್ಡು ಹೊರಗೆಳೆಯುತ್ತಿದ್ದಳು.

ಶನಿವಾರ ಸಂಜೆ ಫೀನೋನ ಹಿತ್ತಲಿನಲ್ಲಿ ಮೇಜು ಹಾಕಿದ್ದರು. ರೇಡಿಯೋದಲ್ಲಿ ಆಟ ನಡೆದಿತ್ತು, ಅವರ ತಂಡ ಎಂದಿನಂತೆ ಹಿಂದಿತ್ತು. ಮೂರು ಬ್ಲೆಡ್ಸೋಗಳನ್ನೂ ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದರು. ತೂತಿನವನು, ಮೀಸೆಯವನು, ಕಚ್ಚಿಸಿಕೊಂಡವನು. ಜೆನವೀವ್ ಅವನ್ನು ದಿಟ್ಟಿಸಿ ನೋಡಿ, ಮೂವರಲ್ಲಿ ಮೀಸೆಯವನೇ ನಂಬಿಗಸ್ತನಂತೆ ಕಾಣುತ್ತಾನೆ ಎಂದಳು. ಅದರ ಮೇಲೆ ಚರ್ಚೆಯಾಯಿತು. ಓಪಲ್ ಖಾಲಿ ಕೈಯಲ್ಲಿ ಬರಬಾರದೆಂದು ಪೆಪೆರೋನಿ ಉಂಡೆ ತಂದಿದ್ದಳು. ಫೀನೋ ಅವನ್ನು ಗೌರವದಿಂದ ಮೇಜಿನ ಆ ತುದಿಗೆ ಇಟ್ಟ.

ಬಡಿಸುವಾಗ ಚಮಚದಿಂದ ಒಂದು ತೊಟ್ಟು ಗೊಜ್ಜು ಹಾರಿ ತೂತಿನವನ ಟೋಪಿಯ ಮೇಲೆ ಬಿತ್ತು. ಹಳೆಯ ಕಾರ್ಡಾಗಿದ್ದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಲ್ಯಾಂಬರ್ಟ್ ಬೆರಳಿನಿಂದಲೇ ಒರೆಸಿ, ಅದನ್ನು ನೆಕ್ಕಿ, ಉಪ್ಪು ಸ್ವಲ್ಪ ಕಮ್ಮಿ ಎಂದ. ಮಿಲಾಗ್ರೋಸ್ ಅವನ ಕಡೆಗೆ ಉಪ್ಪಿನ ಡಬ್ಬಿ ತಳ್ಳಿದಳು. ಒರಗಲು ಆಸರೆಯಿಲ್ಲದೆ ಮೂರು ಕಾರ್ಡುಗಳೂ ಮುಗ್ಗರಿಸಿ ಬಿದ್ದವು. ಯಾರೂ ಎತ್ತಿ ನಿಲ್ಲಿಸಲಿಲ್ಲ. ಓಪಲ್ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವುದರಲ್ಲಿದ್ದಳು.